ಪುಟ್ಟಯ್ಯ ಮೇಷ್ಟ್ರ ಹಾಳೆ: ಅಂಚಿನಲ್ಲಿ ಬರೆದ ಅ

"ಸ್ವಲ್ಪ ಉಸಿರಾಡಿ ಮೇಡಂ. ನೀವು ಉಸಿರು ಬಿಟ್ಟರೆ ಹಾಳೆ ಹಾರಿಹೋಗೋದಿಲ್ಲ," ಎಂದ ಸುದೀಪ್.

ಸೀತಾಲಕ್ಷ್ಮಿ ಭೂತಗನ್ನಡಿಯನ್ನು ಇನ್ನೂ ಕೆಳಗಿಳಿಸಿದರು.

ಶಿವಮೊಗ್ಗದ ಆ ಪ್ರದರ್ಶನದ ಹಾಲ್‌ನಲ್ಲಿ ಬೆಳಗಿನ ಹೊತ್ತು ಅವರು ಮೂವರೇ ಇದ್ದರು. ಬಾಗಿಲಿಗೆ 'ಇಂದು ರಜೆ' ಎಂಬ ರಟ್ಟು ತೂಗುತ್ತಿತ್ತು. ಪುಟಗಳು ಮಗುಚದಿರಲಿ ಎಂದು ಸುದೀಪ್ ಫ್ಯಾನು ಆರಿಸಿದ್ದ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ಅವನೇ ಹಳೇ ಕೈಬರಹಗಳ ಈ ಪ್ರದರ್ಶನ ಏರ್ಪಡಿಸಿದವನು. ಮೂಲೆಯ ಬೆಂಚಿನಲ್ಲಿ ಲಿಖಿತಾ ಬ್ಯಾಗನ್ನು ಅವುಚಿಕೊಂಡು ಕೂತಿದ್ದಳು.

ಭದ್ರಾವತಿಯ ಜನ್ನಾಪುರದ ಒಂದು ಹಳೇ ಹೆಂಚಿನ ಶಾಲೆಯಿಂದ ದಾಖಲಾತಿ ರಿಜಿಸ್ಟರನ್ನು ಬಸ್ಸಿನಲ್ಲಿ ಪ್ರದರ್ಶನಕ್ಕೆ ತಂದವಳು ಈ ಅತಿಥಿ ಶಿಕ್ಷಕಿ. ದಾರಿಯಲ್ಲಿ ಅದರ ಒಂದು ಹಾಳೆ ಕದ್ದು, ಆ ಜಾಗಕ್ಕೆ ನಕಲಿ ಹಾಳೆ ಹೊಲಿದಿಟ್ಟಳು ಎಂಬುದು ಅವಳ ಮೇಲಿನ ಆರೋಪ. ನಾಳೆ ಬೆಳಿಗ್ಗೆ ಶಾಲೆಯ ಕಮಿಟಿ ಕೂತು ಅವಳನ್ನು ಕೆಲಸದಿಂದ ತೆಗೆದು, ಪೊಲೀಸರಿಗೆ ದೂರು ಕೊಡುವುದಿತ್ತು.

ಆರೋಪ ಮಾಡಿದವರು ಹೆಡ್‌ಮಿಸ್ಟ್ರೆಸ್ ಪುಷ್ಪಮ್ಮ. ಪ್ರದರ್ಶನದ ಎರಡನೇ ದಿನ ಯಾರೋ ಒಬ್ಬರು ಆ ಹಾಳೆಯ ಕಾಗದ ಉಳಿದವಕ್ಕಿಂತ ಒಂದು ಕೂದಲೆಳೆಯಷ್ಟು ಬಿಳಿ ಎಂದು ಎಲ್ಲರೆದುರು ಹೇಳಿದ್ದರು. ಪುಷ್ಪಮ್ಮ ಬಂದು ನೋಡಿ, ಇದು ನಮ್ಮ ಶಾಲೆಯಿಂದ ಹೊರಟ ಹಾಳೆಯಲ್ಲ ಎಂದುಬಿಟ್ಟರು.

ಸೀತಾಲಕ್ಷ್ಮಿ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಈಗ ವಿದ್ಯಾನಗರದ ಮನೆಯ ಮುಂಗೋಣೆಯಲ್ಲೇ ಇಂಥ ಖಾಸಗಿ ಕೇಸುಗಳನ್ನು ನೋಡುತ್ತಿದ್ದರು. ಕಳ್ಳರ ಮುಖ ನೋಡಿ ಅಳತೆ ಹಾಕುವುದು ಅವರಿಗೆ ಗೊತ್ತಿತ್ತು. ಈ ಕೇಸಿನಲ್ಲಿ ಮುಖವೇ ಇಲ್ಲ, ಅಕ್ಷರ ಮಾತ್ರ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಕೇಸು ನೋಡಲು ಕೂತವಳು ಅಕ್ಷರ ನೋಡುತ್ತಾ ಮೈಮರೆಯುತ್ತಿದ್ದೇನಲ್ಲ ಎಂದು ಅವರಿಗೆ ಒಳಗೊಳಗೇ ಅಳುಕು.

ಮೈಮರೆಯದೆ ಇರುವುದಾದರೂ ಹೇಗೆ.

ಹಿಂದೆ ಆ ಶಾಲೆಯಲ್ಲಿದ್ದ ಪುಟ್ಟಯ್ಯ ಮೇಷ್ಟ್ರು ಈ ರಿಜಿಸ್ಟರನ್ನು ಬರೆದಿರಲಿಲ್ಲ, ಕಟ್ಟಿದ್ದರು. ಪ್ರತಿ ಅಕ್ಷರದ ತಲೆಕಟ್ಟು ಸೂರಿನಂತೆ ಒಂದೇ ಮಟ್ಟದಲ್ಲಿ ಹೋಗುತ್ತಿತ್ತು. ಅದರ ಕೆಳಗೆ ದುಂಡು ಹೊಟ್ಟೆಗಳು ತುಂಬಿಕೊಂಡು, ಮತ್ತೆ ತೆಳುವಾಗಿ, ಮುಂದಿನ ಅಕ್ಷರದ ಕಡೆ ಕೈ ಚಾಚುತ್ತಿದ್ದವು. ಒತ್ತಕ್ಷರಗಳು ಕಿವಿಯೋಲೆಯ ಹಾಗೆ ಜೋಲಾಡುತ್ತಿದ್ದವು. ಮಸಿ ಎಲ್ಲಿ ಮುಗಿಯಿತು, ಎಲ್ಲಿ ನಿಬ್ಬು ಮತ್ತೆ ಬುಡ್ಡಿಗೆ ಇಳಿಯಿತು ಎಂಬುದು ಬಣ್ಣದಲ್ಲೇ ಕಾಣುತ್ತಿತ್ತು. ಕಡು ನೀಲಿ, ಸಾಲಿನ ಕೊನೆಗೆ ಮಳೆ ನಿಂತ ಆಕಾಶದಷ್ಟು ತಿಳಿ, ಮತ್ತೆ ಕಡು ನೀಲಿ.

ತಂದೆಯ ಕೆಲಸ ಎಂಬ ಅಂಕಣದಲ್ಲಿ ಬೇರೆ ಯಾವ ಮೇಷ್ಟ್ರಾದರೂ 'ಕೂಲಿ' ಎಂದು ಗೀಚಿ ಮುಗಿಸುತ್ತಿದ್ದರು. ಇವರು 'ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವವರು' ಎಂದು ಬರೆದಿದ್ದರು. ಊರಿನ ಕಬ್ಬಿಣದ ಕಾರ್ಖಾನೆಗೆ ತಮಿಳುನಾಡಿನಿಂದ, ಆಂಧ್ರದಿಂದ ಬಂದವರ ಮಕ್ಕಳಿದ್ದರೆ, ತಂದೆಯ ಹೆಸರನ್ನು ಕನ್ನಡದ ಕೆಳಗೆ ಅವರ ಲಿಪಿಯಲ್ಲೂ ಅಷ್ಟೇ ಮುತುವರ್ಜಿಯಿಂದ ಬರೆದಿದ್ದರು. ಶಾಲೆ ಬಿಟ್ಟ ಕಾರಣ ಎಂಬಲ್ಲಿ 'ತಮ್ಮನನ್ನು ಎತ್ತಿಕೊಳ್ಳಲು' ಎಂದಿತ್ತು ಒಂದು ಕಡೆ. ಆ ನಾಲ್ಕೈದು ಅಂಗುಲದ ಸಾಲನ್ನು ಅವರು ಎಷ್ಟು ಅಂದವಾಗಿ ಬರೆದಿದ್ದರೆಂದರೆ, ಶಾಲೆ ಬಿಟ್ಟ ಆ ಮಗುವಿಗೆ ಕೊಟ್ಟ ಮರ್ಯಾದೆಯಂತಿತ್ತು.

ಎಲ್ಲಕ್ಕಿಂತ ಚೆಂದ ಹಾಳೆಯ ಅಂಚು.

ಹೊಸ ಮಗು ಬಂದ ದಿನ ಮೇಷ್ಟ್ರು ಅದನ್ನು ಮೇಜಿನ ಪಕ್ಕ ನಿಲ್ಲಿಸಿಕೊಂಡು, ತಮ್ಮ ನಿಬ್ಬಿನ ಪೆನ್ನನ್ನೇ ಅದರ ಕೈಗೆ ಕೊಟ್ಟು, ಹೆಸರಿನ ಎದುರು ಅಂಚಿನಲ್ಲಿ ಒಂದು 'ಅ' ಬರೆಸುತ್ತಿದ್ದರು. ಸರ್ಕಾರದ ರಿಜಿಸ್ಟರಿನಲ್ಲಿ ಮಗುವಿನ ಮೊದಲ ಅಕ್ಷರ. ಶಾಲಾ ಇನ್‌ಸ್ಪೆಕ್ಟರು ಬೈದರೂ ಆ ಪದ್ಧತಿ ಬಿಟ್ಟಿರಲಿಲ್ಲವಂತೆ. ಹಾಗಾಗಿ ಪ್ರತಿ ಪುಟದಲ್ಲೂ ಬಲಗಡೆ ಮೇಷ್ಟ್ರ ಮುತ್ತಿನ ಸಾಲು, ಎಡಗಡೆ ಸೊಟ್ಟ, ಕುಂಟ, ತಲೆಕೆಳಗಾದ ಅ-ಗಳ ಮೆರವಣಿಗೆ. ಒಂದು ಬಸವನಹುಳುವಿನಂತೆ, ಒಂದು ಬಿದ್ದುಹೋದ ಚೊಂಬಿನಂತೆ. ಪ್ರದರ್ಶನಕ್ಕೆ ಬಂದವರು ಇವುಗಳ ಎದುರೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು ಎಂದ ಸುದೀಪ್.

ಸೀತಾಲಕ್ಷ್ಮಿ ಈಗ ನೋಡುತ್ತಿದ್ದುದೂ ಅವನ್ನೇ. ಒಮ್ಮೆ ಅನುಮಾನದ ಹಾಳೆ, ಒಮ್ಮೆ ಅದರ ಹಿಂದಿನ ಹಾಳೆ, ಮತ್ತೆ ಅನುಮಾನದ ಹಾಳೆ.

"ಇಲ್ಲಿ ಬಾ ಲಿಖಿತಾ," ಎಂದರು ಕೊನೆಗೆ. "ಈ ಹಿಂದಿನ ಹಾಳೆಯಲ್ಲಿ ಮಕ್ಕಳ ಅಕ್ಷರದ ಸುತ್ತ ಏನು ಕಾಣ್ತದೆ?"

ಲಿಖಿತಾ ಬಗ್ಗಿ ನೋಡಿದಳು. ಮಸಿ ಸಿಡಿದಿದೆ ಎಂದಳು. ಸಣ್ಣ ಸಣ್ಣ ಚುಕ್ಕೆ.

"ಯಾಕೆ ಸಿಡೀತು?"

ಅವಳಿಗೆ ತಕ್ಷಣ ಹೊಳೆಯಿತು. ಸ್ಲೇಟಿನ ಮೇಲೆ ಬಳಪ ಒತ್ತಿ ಅಭ್ಯಾಸವಾದ ಮಗು ಪೆನ್ನನ್ನೂ ಹಾಗೇ ಒತ್ತುತ್ತದೆ. ಕೆಳಗಿನಿಂದ ಮೇಲಕ್ಕೆ ತಳ್ಳುವಾಗ ನಿಬ್ಬು ಕಾಗದಕ್ಕೆ ಕಚ್ಚಿ, ಎಗರಿ, ಮಸಿ ಉಗುಳುತ್ತದೆ. ಒಂದನೇ ತರಗತಿಗೆ ಪಾಠ ಮಾಡುವವಳಿಗೆ ಅದು ಗೊತ್ತಿಲ್ಲದೆ ಏನು.

ಅನುಮಾನದ ಹಾಳೆಯ ಅಂಚಿನಲ್ಲೂ ಅ-ಗಳಿದ್ದವು. ಸೊಟ್ಟಗೇ ಇದ್ದವು, ಕುಂಟುತ್ತಲೇ ಇದ್ದವು. ಆದರೆ ಎಲ್ಲೂ ಒಂದು ಚುಕ್ಕೆ ಸಿಡಿದಿರಲಿಲ್ಲ. ಪೆನ್ನು ಹಿಡಿಯಲು ಬಲ್ಲ ಕೈಯೊಂದು, ಬಾರದ ಹಾಗೆ ನಟಿಸಲು ಹೋಗಿ, ತನ್ನ ಹದವನ್ನು ಮಾತ್ರ ಬಿಡಲಾರದೆ ಹೋಗಿತ್ತು.

ಒಂದೇ ಒಂದು ಅಕ್ಷರ ಬೇರೆ. ನಡುವಿನ ಸಾಲು, ಪುಷ್ಪಾವತಿ ಎಂಬ ಹುಡುಗಿಯ ಎದುರಿನದು. ಅಲ್ಲಿ ನಿಬ್ಬು ಕಾಗದವನ್ನು ಕಿತ್ತುಕೊಂಡೇ ಹೋಗಿತ್ತು, ಚುಕ್ಕೆಗಳು ಪಕ್ಕದ ಹೆಸರಿನವರೆಗೂ ಹಾರಿದ್ದವು.

"ಅಂದರೆ ನಕಲಿ ಅನ್ನೋದು ನಿಜವೇ," ಎಂದಳು ಲಿಖಿತಾ. ಅವಳ ದನಿ ಕುಗ್ಗಿತ್ತು.

ನಿಜ, ಆದರೆ ನೀನು ಮಾಡಿದ್ದಲ್ಲ ಎಂದು ಸೀತಾಲಕ್ಷ್ಮಿ ಹಾಳೆಯ ಕೆಳಮೂಲೆ ತೋರಿಸಿದರು. ಅಲ್ಲೊಂದು ಹುಳ ಕೊರೆದ ತೂತು. ಹಿಂದಿನ ಹಾಳೆಯಲ್ಲೂ ಅದೇ ಜಾಗಕ್ಕೆ, ಮುಂದಿನದರಲ್ಲೂ ಅದೇ ಜಾಗಕ್ಕೆ. ಹುಳ ಇಡೀ ರಿಜಿಸ್ಟರನ್ನು ಕೊರೆದುಕೊಂಡು ಹೋಗುವಾಗ ಈ ಹಾಳೆಯೂ ಒಳಗೇ ಇತ್ತು. ಎದುರು ಪುಟದ ಮೇಲೆ ಇದರ ಅಕ್ಷರಗಳ ನೆರಳು ಹಳದಿಯಾಗಿ ಅಂಟಿತ್ತು. ಅಷ್ಟು ಗಾಢವಾಗಿ ಅಂಟಲು ವರ್ಷಗಟ್ಟಲೆ ಒಂದರ ಮೇಲೊಂದು ಮಲಗಿರಬೇಕು. ಹಾಳೆ ಬದಲಾದದ್ದು ನಿನ್ನೆ ಮೊನ್ನೆಯಲ್ಲ, ಲಿಖಿತಾ ಹುಟ್ಟುವುದಕ್ಕೂ ಮುಂಚೆ.

ಸುದೀಪ್ ಭೂತಗನ್ನಡಿ ಇಸಿದುಕೊಂಡು ತಾನೂ ನೋಡಿದ. ಬಹಳ ಹೊತ್ತು ನೋಡಿದ.

"ಮೇಡಂ, ಅಂಚು ಬಿಡಿ. ಹೆಸರುಗಳನ್ನ ಬರೆದಿರೋದು ನೋಡಿ. ಮೇಷ್ಟ್ರಿಗಿಂತ ಒಂದು ಕೈ ಮೇಲು. ಈ ಕಳ್ಳ ಸಿಕ್ಕಿದರೆ ಮೊದಲು ನಾನು ಕಾಲಿಗೆ ಬೀಳ್ತೀನಿ, ಆಮೇಲೆ ನೀವು ಏನಾದರೂ ಮಾಡ್ಕೊಳ್ಳಿ."

ಹುಳದ ತೂತಿನ ಮಾತನ್ನು ಕಮಿಟಿ ಕೇಳುತ್ತದೆಯೇ ಎಂಬ ಚಿಂತೆ ಸೀತಾಲಕ್ಷ್ಮಿಗೆ ಅಲ್ಲೇ ಹತ್ತಿಕೊಂಡಿತು. ತೂತನ್ನು ಸೂಜಿಯಲ್ಲೂ ಮಾಡಬಹುದು ಎಂದು ಯಾರಾದರೂ ಅಂದರೆ ಮುಗಿಯಿತು. ಕಂಡವರೊಬ್ಬರ ಬಾಯಿಮಾತು ಬೇಕಿತ್ತು. ಆ ಕಾಲದಲ್ಲಿ ಮೇಷ್ಟ್ರ ಪಕ್ಕದಲ್ಲಿದ್ದು, ಇವತ್ತಿಗೂ ಬದುಕಿರುವ ಒಬ್ಬರೆಂದರೆ ಅವರ ಮಗಳು ಸಣ್ಣಮ್ಮ.

ಹಾಳೆಯ ಫೋಟೋ ತೆಗೆದುಕೊಂಡು ಸೀತಾಲಕ್ಷ್ಮಿ, ಲಿಖಿತಾ ಇಬ್ಬರೂ ಭದ್ರಾವತಿ ಬಸ್ಸು ಹತ್ತಿದರು.

*

ಜನ್ನಾಪುರದ ಬಸ್‌ಸ್ಟಾಪಿನ ಹಿಂದಿನ ಓಣಿಯಲ್ಲಿ ಸಣ್ಣಮ್ಮನ ಮನೆ. ಅರವತ್ತೈದು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಪ್ರದರ್ಶನದಿಂದ ಬಂದಿದ್ದೇವೆ ಎಂದ ಕೂಡಲೇ ಮುಖ ಅರಳಿತು. ಅಡುಗೆಮನೆಗೇ ಕರೆದು ಮಣೆ ಹಾಕಿದರು, ಮಜ್ಜಿಗೆ ಕೊಟ್ಟರು.

ಅಪ್ಪನ ಬಗ್ಗೆ ಕೇಳಿದ್ದಕ್ಕೆ ಅವರ ಮಾತು ನಿಲ್ಲಲಿಲ್ಲ. ಬೇಸಿಗೆ ರಜೆಯಲ್ಲಿ ರಿಜಿಸ್ಟರುಗಳನ್ನು ಮನೆಗೆ ತಂದು, ಸಡಿಲವಾದ ಹೊಲಿಗೆ ಬಿಚ್ಚಿ, ಮೇಣ ಸವರಿದ ದಾರದಲ್ಲಿ ಮತ್ತೆ ಹೊಲಿಯುತ್ತಿದ್ದರಂತೆ. ಕಾರ್ಖಾನೆಯ ಫಿಟ್ಟರ್ ಒಬ್ಬರು ಉಕ್ಕಿನ ಪಟ್ಟಿ ಅರದಲ್ಲಿ ಉಜ್ಜಿ ನಿಬ್ಬು ಮಾಡಿಕೊಟ್ಟಿದ್ದರಂತೆ. ಬರೆಯಲು ಕೂತಾಗ ಅಪ್ಪ ಎಲೆಅಡಿಕೆಯನ್ನೂ ಹಾಕುತ್ತಿರಲಿಲ್ಲ. ಬಾಯಿ ಆಡಿದರೆ ಕೈ ಆಡುತ್ತದೆ ಎನ್ನುತ್ತಿದ್ದರಂತೆ.

ಸೀತಾಲಕ್ಷ್ಮಿ ಕೇಳುತ್ತಲೇ ಇದ್ದರು. ಅವರ ಕಣ್ಣು ಮಾತ್ರ ಸಣ್ಣಮ್ಮನ ತಲೆಯ ಮೇಲಿನ ಗೂಡಿನಲ್ಲಿ ನಿಂತಿತ್ತು.

ಅಲ್ಲಿ ಉಪ್ಪಿನಕಾಯಿ ಜಾಡಿಗಳ ಸಾಲು. ಪ್ರತಿ ಜಾಡಿಗೂ ಒಂದು ಬಿಳಿ ಚೀಟಿ. ಅಪ್ಪೆಮಿಡಿ. ಕಂಚಿಕಾಯಿ. ನೆಲ್ಲಿಕಾಯಿ. ತಲೆಕಟ್ಟುಗಳು ಸೂರಿನಂತೆ ಒಂದೇ ಮಟ್ಟ. ಪ್ಪ-ದ ಒತ್ತು ಕಿವಿಯೋಲೆಯ ಹಾಗೆ ಜೋತಿತ್ತು. ಉಪ್ಪಿನಕಾಯಿ ಜಾಡಿಗೆ ಯಾರೂ ಅಷ್ಟು ಅಂದ ಖರ್ಚು ಮಾಡುವುದಿಲ್ಲ. ಕೈಗೆ ಬೇರೆ ರೀತಿ ಬರೆಯಲು ಬಾರದಿದ್ದರೆ ಮಾತ್ರ ಹಾಗಾಗುತ್ತದೆ.

"ನಿಮ್ಮ ಅಪ್ಪ ತೀರಿಕೊಂಡು ಎಷ್ಟು ಕಾಲ ಆಯ್ತು?" ಎಂದು ಕೇಳಿದರು.

"ಈ ನಿಮ್ಮ ಹುಡುಗಿ ಹುಟ್ಟಿರಲಿಲ್ಲ ಬಿಡಿ ಆಗ."

"ಹಾಗಾದರೆ ಈ ವರ್ಷದ ಮಿಡಿಗೆ ಚೀಟಿ ಬರೆದವರು ಯಾರು?"

ಸಣ್ಣಮ್ಮ ನಕ್ಕರು. "ಉಪ್ಪಿನಕಾಯಿ ಹಾಕಿದವಳೇ ಬರೀಬೇಕಲ್ಲ ಮಾರಾಯ್ತಿ. ಅದಕ್ಕೂ ಬೇರೆ ಗುಮಾಸ್ತನ್ನ ಇಡಲಾ?"

ನಗು ಅರ್ಧಕ್ಕೇ ನಿಂತಿತು. ಎದುರಿನವರು ನಗುತ್ತಿರಲಿಲ್ಲ ಎಂಬುದು ಅವರಿಗೆ ಆಗ ಕಂಡಿತು. ಸೀತಾಲಕ್ಷ್ಮಿ ಫೋನಿನಲ್ಲಿ ಹಾಳೆಯ ಫೋಟೋ ತೆರೆದು ಇಬ್ಬರ ನಡುವೆ ನೆಲದ ಮೇಲಿಟ್ಟರು.

ಸಣ್ಣಮ್ಮ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ತನ್ನ ಮಗುವಿನ ಮುಖ ನೋಡಲು ಕನ್ನಡಕ ಯಾಕೆ.

"ಚೆನ್ನಾಗಿದೆ ಅಂತ ಪ್ರದರ್ಶನಕ್ಕೆ ಇಟ್ಟಿದ್ದೀರಿ. ನೋಡಿ, ಮನೆಗೆ ಹೋಗಿ. ಅದನ್ನ ಕೆದಕಬೇಡಿ," ಎಂದರು.

"ಕೆದಕೋಕೆ ನನಗೂ ಇಷ್ಟ ಇರಲಿಲ್ಲ. ಈ ಹಾಳೆ ಕದ್ದು ಬದಲಾಯಿಸಿದಳು ಅಂತ ನಾಳೆ ಒಬ್ಬಳ ಕೆಲಸ ಹೋಗ್ತದೆ. ಪೊಲೀಸ್ ಕೇಸೂ ಆಗ್ತದೆ. ಅವಳು ಇವಳೇ."

ಸಣ್ಣಮ್ಮ ಲಿಖಿತಾಳ ಕಡೆ ತಿರುಗಿದರು. ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ. ಯಾರೋ ಹಾಳೆಯ ಬಗ್ಗೆ ಕೇಳುತ್ತಿದ್ದಾರೆ ಎಂದಷ್ಟೇ ತನಗೆ ಗೊತ್ತಿತ್ತು, ಒಬ್ಬಳ ತಲೆಗೆ ಕಟ್ಟುತ್ತಿದ್ದಾರೆ ಎಂದು ಯಾರೂ ಹೇಳಲಿಲ್ಲ ಎಂದರು ಸಣ್ಣಮ್ಮ. ಎರಡೆರಡು ಸಲ ಅದನ್ನೇ ಹೇಳಿದರು.

ಆಮೇಲೆ ಎದ್ದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಮಸಿಬುಡ್ಡಿ, ಉಕ್ಕಿನ ನಿಬ್ಬು ಕಟ್ಟಿದ ಬಿದಿರ ಕಡ್ಡಿ. ಹಳೇ ಕ್ಯಾಲೆಂಡರಿನ ಹಿಂಬದಿ ನೆಲದ ಮೇಲೆ ಹಾಸಿ, ಮೊಣಕಾಲೂರಿ ಕೂತರು. ಏನು ಬರೆಯಲಿ ಎಂದು ಕೇಳಿದರು. ನಿಮಗೆ ತೋಚಿದ್ದು ಎಂದರು ಸೀತಾಲಕ್ಷ್ಮಿ.

ಅವರು ಬರೆದದ್ದು ಲಿಖಿತಾಳ ಹೆಸರು.

ನಿಬ್ಬು ಕಾಗದಕ್ಕೆ ತಾಗಿದ್ದೇ ಆ ಮೊಣಕಾಲು ನೋವಿನ, ಬೆನ್ನು ಬಗ್ಗಿದ ಹೆಂಗಸು ಎಲ್ಲೋ ಹೊರಟುಹೋದರು. ಕೈ ಮಾತ್ರ ಉಳಿಯಿತು. ಮಣಿಕಟ್ಟು ಅಲುಗುತ್ತಿರಲಿಲ್ಲ, ಇಡೀ ತೋಳು ತೊಟ್ಟಿಲಿನಂತೆ ತೂಗುತ್ತಿತ್ತು. ಇಳಿಯುವಾಗ ಗೆರೆ ದಪ್ಪಗೆ ತುಂಬಿ, ಏರುವಾಗ ಕೂದಲಿನಷ್ಟು ಸಣ್ಣಗಾಗಿ, ತಿರುವಿನಲ್ಲಿ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡಂತೆ ಮಾಡಿ ಮುಂದೆ ಹೋಯಿತು. ಮಸಿ ಒದ್ದೆಯಾಗಿ ಹೊಳೆಯಿತು. ಸೀತಾಲಕ್ಷ್ಮಿ ಸೇವೆಯಲ್ಲಿದ್ದಷ್ಟು ದಿನ ಎಷ್ಟೋ ತಪ್ಪೊಪ್ಪಿಗೆಗಳನ್ನು ಕೇಳಿದ್ದರು, ಇಷ್ಟು ಸುಂದರವಾದದ್ದನ್ನು ಕಂಡಿರಲಿಲ್ಲ.

ಲಿಖಿತಾ ಮೆಲ್ಲಗೆ ಅಂದಳು. "ನನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ."

ಸಣ್ಣಮ್ಮ ಹೇಳತೊಡಗಿದರು. ಅಪ್ಪನ ಪಕ್ಕ ಕೂತು ನೋಡಿ ನೋಡಿಯೇ ಅವರಿಗೆ ಕೈ ಬಂದಿತ್ತು. ಆಗ ಶಾಲೆಗೆ ಒಂದು ಹುಡುಗಿ ತಮ್ಮನನ್ನು ಬಿಡಲು ಬರುತ್ತಿದ್ದಳು. ಬಿಟ್ಟು ಹೋಗುತ್ತಿರಲಿಲ್ಲ, ಕಿಟಕಿಯ ಹೊರಗೆ ನಿಂತು ಮಗ್ಗಿ ಒಪ್ಪಿಸುತ್ತಿದ್ದಳು. ಮೇಷ್ಟ್ರು ಒಳಗೆ ಕರೆದು ಕೂರಿಸಿದರು. ತಂದೆ ಕಾಂಟ್ರ್ಯಾಕ್ಟ್ ಕೆಲಸದವನು, ಹೆಣ್ಣಿಗೆ ಯಾತಕ್ಕೆ ಎಂದು ಸಹಿ ಹಾಕಲು ಬರಲೇ ಇಲ್ಲ. ನಾಲ್ಕನೇ ತರಗತಿ ಮುಗಿಯಿತು. ದೊಡ್ಡ ಶಾಲೆಗೆ ಹೋಗಲು ವರ್ಗಾವಣೆ ಪತ್ರ ಬೇಕು. ರಿಜಿಸ್ಟರಿನಲ್ಲೇ ಇಲ್ಲದ ಮಗುವಿಗೆ ಪತ್ರ ಎಲ್ಲಿಂದ ಬರಬೇಕು. ಅಪ್ಪ ಎರಡು ದಿನ ಊಟ ಬಿಟ್ಟರು, ಆದರೆ ಸುಳ್ಳು ತಾರೀಕು ಹಾಕಲು ಅವರ ಕೈ ಏಳಲಿಲ್ಲ.

"ನನ್ನ ಕೈ ಎದ್ದಿತು," ಎಂದರು ಸಣ್ಣಮ್ಮ. "ಅವಳು ಒಳಗೆ ಬಂದು ಕೂತ ವರ್ಷದ ಕೊನೇ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿದ್ದರು. ಹೆಸರು ಬರೆಸಿ ಬಾರದೇ ಹೋದ ಮಗು ಅದು. ಬೇಸಿಗೇಲಿ ಹೊಲಿಗೆ ಬಿಚ್ಚಿದಾಗ ಆ ಹಾಳೆ ತೆಗೆದು, ಇಡೀ ಹಾಳೆ ಹೊಸದಾಗಿ ಬರೆದೆ. ಹೊಡೆದುಹಾಕಿದ ಜಾಗಕ್ಕೆ ಅವಳನ್ನ ಕೂರಿಸಿದೆ. ಮಕ್ಕಳ ಅ-ಗಳನ್ನೆಲ್ಲ ನಾನೇ ಸೊಟ್ಟಗೆ ಬರೆದೆ. ಅವಳದ್ದು ಮಾತ್ರ, ಸ್ಲೇಟು ಬಿಟ್ಟರೆ ಪೆನ್ನೇ ಹಿಡಿದಿರದ ಅವಳ ಕೈಯಲ್ಲೇ ಬರೆಸಿದೆ. ಅಷ್ಟಾದರೂ ನಿಜ ಇರಲಿ ಅಂತ."

ಅಪ್ಪನಿಗೆ ತಿಳಿಯಿತೇ ಎಂದು ಸೀತಾಲಕ್ಷ್ಮಿ ಕೇಳಿದರು. ಅಪ್ಪ ಏನೂ ಕೇಳಲಿಲ್ಲ ಎಂದರು ಸಣ್ಣಮ್ಮ. ಆ ಹಾಳೆ ತಿರುಗಿಸುವಾಗ ಅವರ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ. ಮುಂದಿನ ಜೂನ್‌ನಿಂದ ರಿಜಿಸ್ಟರನ್ನು ಮಗಳ ಮುಂದಿಟ್ಟು, ನೀನೇ ಬರೆ ಎಂದರಂತೆ. ಪ್ರದರ್ಶನದಲ್ಲಿ ಜನ ಮೆಚ್ಚಿ ಫೋಟೋ ತೆಗೆದುಕೊಳ್ಳುತ್ತಿರುವ ಪುಟಗಳಲ್ಲಿ ಮುಕ್ಕಾಲು ಪಾಲು ಅವರದೇ ಕೈ.

"ಆ ಹುಡುಗಿ ಪುಷ್ಪಾವತಿ," ಎಂದರು ಸೀತಾಲಕ್ಷ್ಮಿ. "ಈಗ ಎಲ್ಲಿದ್ದಾಳೆ?"

"ಅದೇ ಶಾಲೆಯಲ್ಲಿ. ನೀವೆಲ್ಲ ಪುಷ್ಪಮ್ಮ ಮೇಡಂ ಅಂತೀರಿ."

ಲಿಖಿತಾಳ ಲೋಟ ನೆಲಕ್ಕೆ ತಾಗಿ ಟಣ್ ಎಂದಿತು.

ಸೀತಾಲಕ್ಷ್ಮಿಯ ಮನಸ್ಸಿನಲ್ಲಿ ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಹಾಳೆ ಆ ಕಾಲದಲ್ಲೇ ಬದಲಾದದ್ದೆಂದು ಸಾಬೀತಾದರೆ ಹೆಡ್‌ಮಿಸ್ಟ್ರೆಸ್ಸಿನ ದಾಖಲಾತಿ ಸುಳ್ಳು, ಹುಟ್ಟಿದ ತಾರೀಕು ಸುಳ್ಳು, ಅದರ ಮೇಲೆ ಕಟ್ಟಿದ ಸೇವೆಯೆಲ್ಲ ಅಲುಗುತ್ತದೆ. ಹಾಳೆ ಮೊನ್ನೆ ಬದಲಾದದ್ದು ಎಂದಾದರೆ ಅವರಿಗೆ ಏನೂ ಇಲ್ಲ. ಒಬ್ಬ ಅತಿಥಿ ಶಿಕ್ಷಕಿ ಹೋಗುತ್ತಾಳೆ, ಇನ್ನೊಬ್ಬಳು ಬರುತ್ತಾಳೆ. ಕಿಟಕಿಯ ಹೊರಗೆ ನಿಂತು ಮಗ್ಗಿ ಹೇಳುತ್ತಿದ್ದ ಆ ಹುಡುಗಿಯ ಮೇಲೆ ಸಿಟ್ಟು ಬರುತ್ತಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ನಾಳೆ ಕಮಿಟಿಯ ಮುಂದೆ ಬಂದು ಹೇಳುತ್ತೀರಾ ಎಂದು ಕೇಳಿದರು.

ಸಣ್ಣಮ್ಮ ಮಸಿ ಒಣಗಿದ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಲಿಖಿತಾಳ ಕೈಗಿಟ್ಟರು. "ಬರ್ತೀನಿ. ಪುಷ್ಪನ ಮುಖ ನೋಡ್ಕೊಂಡು ಹೇಳೋದು ಕಷ್ಟ. ಆದರೆ ಬರ್ತೀನಿ."

ಸೀತಾಲಕ್ಷ್ಮಿಗೆ ಎದೆಯ ಭಾರ ಅರ್ಧ ಇಳಿಯಿತು. ಇನ್ನೊಂದು ಪ್ರಶ್ನೆ ಉಳಿದಿತ್ತು. ತೆಗೆದುಹಾಕಿದ ಮೂಲ ಹಾಳೆಯನ್ನು ಏನು ಮಾಡಿದಿರಿ?

"ಅಪ್ಪನ ಕೈಬರಹ, ಹರಿಯೋಕೆ ಆಗ್ತದಾ? ಸೀರೆಗಳ ನಡುವೆ ಇಟ್ಟಿದ್ದೆ ಇಷ್ಟು ವರ್ಷ."

"ಈಗ ಕೊಡಿ. ಅದೊಂದಿದ್ದರೆ ಬೇರೆ ಸಾಕ್ಷಿಯೇ ಬೇಡ."

ಸಣ್ಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಮತ್ತೆ ಸುತ್ತಿಕೊಂಡರು.

"ನಿನ್ನೆ ಸಾಯಂಕಾಲ ಪುಷ್ಪ ಬಂದಿದ್ದಳು. ಅಳ್ತಾ ಕೂತಳು. ಯಾರೋ ಕೆದಕ್ತಾ ಇದ್ದಾರೆ ಅಕ್ಕಾ, ಆ ಹಾಳೆ ಕೊಟ್ಟುಬಿಡು, ಒಂದು ಸಲ ನೋಡಿ ಸುಟ್ಟುಬಿಡ್ತೀನಿ ಅಂದಳು. ಕೊಟ್ಟೆ."

ಕದ್ದ ಹಾಳೆ ಎಂದು ಇಡೀ ಶಾಲೆ ಹುಡುಕುತ್ತಿದ್ದ ಹಾಳೆ, ಕಳುವಾಯಿತೆಂದು ದೂರು ಕೊಟ್ಟವರ ಕೈಯಲ್ಲೇ ಇತ್ತು. ಸುಟ್ಟಿದ್ದರೆ ಅಷ್ಟಕ್ಕೇ ಮುಗಿಯಿತು. ಹೊಡೆದುಹಾಕಿದ ಆ ಸಾಲಷ್ಟನ್ನು ಹರಿದು, ಉಳಿದದ್ದನ್ನು ಸುಡದೆ ಇಟ್ಟುಕೊಂಡಿದ್ದರೆ?

ಲಿಖಿತಾ ಎದ್ದು ನಿಂತಿದ್ದಳು. ಬ್ಯಾಗಿನ ಮುಂದಿನ ಜೇಬಿಗೆ ಕೈ ಹಾಕಿ, ಅಲ್ಲಿ ಏನೂ ಇಲ್ಲವೆಂದು ಮೊದಲೇ ಗೊತ್ತಿದ್ದವಳಂತೆ ಖಾಲಿ ಕೈ ಹೊರತೆಗೆದಳು.

"ಮೇಡಂ, ಸ್ಟಾಫ್ ರೂಮಿನಲ್ಲಿ ನನ್ನದೊಂದು ಕಬ್ಬಿಣದ ಬೀರು ಇದೆ. ಅದರ ಬೀಗದ ಕೈಯನ್ನ ಇವತ್ತು ಬೆಳಿಗ್ಗೆ ಹೆಡ್‌ಮೇಡಂ ನಮ್ಮನೆಗೆ ಆಯಾನ ಕಳಿಸಿ ತರಿಸಿಕೊಂಡರು. ನಾಳೆ ಕಮಿಟಿಯವರು ಬಂದು ಎಲ್ಲಕ್ಕಿಂತ ಮೊದಲು ತೆಗೆಸೋದು ಅದನ್ನೇ ಅಂತೆ."